ಒಬ್ಬರೋ ಇಬ್ಬರೋ ಎಂದು ಕೇಳುತ್ತಿದ್ದಾಕೆ

ಅಕ್ಕನನ್ನು ಮಣ್ಣು ಮಾಡಿ ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದೆ. ಹಗರಿಬೊಮ್ಮನಹಳ್ಳಿಯ ಗುರುಬಸಪ್ಪನವರು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಕಾಳಿನ ವ್ಯಾಪಾರದ ದೊಡ್ಡ ಮನುಷ್ಯ. ಮೂರು ವರ್ಷದ ಹಿಂದೆ ಇದೇ ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಅಕ್ಕನನ್ನು ಬಾಯಿಗೆ ಬಂದ ಹಾಗೆ ಬೈದು ಹೋಗಿದ್ದವರು. ಆದರೂ ಮಣ್ಣಿಗೆ ಬಂದಿದ್ದರು. ನನಗೆ ಸಮಾಧಾನ ಹೇಳಬೇಕೆಂದು, ಸುತ್ತಲಿದ್ದವರಿಗೂ ಕೇಳುವ ಹಾಗೆ ಅಂದರು:

"ಒಳ್ಳೇಕಿ ಬಿಡಪ್ಪ. ಜೀವಮಾನದಾಗ ಆಕಿ ಮಾಡಿದ್ದು ಒಂದ ತಪ್ಪು. ಅದನ್ನೂ ಇನ್ನ ಮರೀಬೇಕು ನಾವು."

ನಿಂತವರು ಹೌದು ಹೌದು ಎಂದರು. ನಾನೂ ತಲೆಯಾಡಿಸಿದೆ.

ಆ ತಪ್ಪು ಅಕ್ಕನದಲ್ಲ, ನನ್ನದು. ಅದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಆ ದಿನ ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅವಳು ಹೋಗಿ ಎಂಟು ತಿಂಗಳಾಯಿತು. ಅಂದಿನಿಂದ ಕೂತರೆ ಏಳಬೇಕು, ಎದ್ದರೆ ಎಲ್ಲಿಗಾದರೂ ಹೋಗಬೇಕು ಅನ್ನಿಸುತ್ತದೆ. ಹೋದಲ್ಲಿಯೂ ನಿಲ್ಲಲು ಆಗುವುದಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸಣ್ಣ ಸರಕು ಗಾಡಿ ಓಡಿಸುತ್ತೇನೆ. ಈ ಬರಹವನ್ನು ಒಂದೇ ಕಡೆ ಕೂತು ಬರೆದಿಲ್ಲ. ಮೊದಲ ಪುಟ ಬರೆದದ್ದು ಕೂಡ್ಲಿಗಿಯಲ್ಲಿ, ಈರುಳ್ಳಿ ಚೀಲ ತುಂಬುವುದನ್ನು ಕಾಯುತ್ತ. ಎರಡು ಸಲ ಹರಿದು ಹಾಕಿದೆ. ಅಕ್ಕನ ವಿಷಯ ಬರೆಯಲು ಹೊರಟರೆ ನನ್ನ ವಿಷಯ ಬರುತ್ತದೆ, ನನ್ನದನ್ನು ಬಿಟ್ಟು ಬರೆದರೆ ಅದು ಸುಳ್ಳಾಗುತ್ತದೆ.

ಅಕ್ಕನ ಅಂಗಡಿ ಬಸ್ ಸ್ಟ್ಯಾಂಡಿನ ಎದುರು, ಮಂಡಕ್ಕಿ ಮಿರ್ಚಿ ಅಂಗಡಿಯ ಪಕ್ಕ ಇತ್ತು. ಜೆರಾಕ್ಸ್, ಅರ್ಜಿ ಟೈಪು, ಲಗ್ನದ ಕಾರ್ಡು. ಕಂಪ್ಯೂಟರ್ ಯಾವುದೋ ಶಾಲೆಯವರು ಬೇಡವೆಂದು ಬಿಟ್ಟದ್ದು. ಅದನ್ನು ಎದ್ದು ಓಡಾಡುವ ಹಾಗೆ ಮಾಡಿಕೊಟ್ಟವನು ಹರಪನಹಳ್ಳಿಯ ದಾದಾಪೀರ್. ಮೊದಲು ರೇಡಿಯೊ ರಿಪೇರಿ, ಆಮೇಲೆ ಟಿವಿ, ಆಮೇಲೆ ಕಂಪ್ಯೂಟರ್ ಎಂದು ಬಂದವನು. ಅವನು ಹೇಳಿದ: "ಅಕ್ಕಾ, ಈ ಮುದುಕಗ ಬಣ್ಣದ ಚಿತ್ರ ಎಲ್ಲ ಆಗಂಗಿಲ್ಲ. ಕರೇ ಪರದೆ ಹಾಕ್ತೀನಿ. ನೀವು ಬರದು ಹೇಳಬೇಕು, ಅದು ಮಾಡತೈತಿ. ಬಾಯಿ ಇಲ್ಲದ ಆಳು ಇದ್ದಂಗ."

ಅಂದಿನಿಂದ ಅವಳ ಮುಂದೆ ಕಪ್ಪು ಪರದೆ, ಬಿಳಿ ಅಕ್ಷರ. ಬಂದವರೆಲ್ಲ ಕೇಳುತ್ತಿದ್ದರು, "ಏನವ್ವ, ಕಂಪ್ಯೂಟರ್ ಕೆಟ್ಟೈತೇನು?"

"ಕೆಟ್ಟಿಲ್ರಿ, ಅಲಂಕಾರ ಮಾಡ್ಕೊಂಡಿಲ್ಲ" ಎನ್ನುತ್ತಿದ್ದಳು.

ಅವಳೂ ಮಾಡಿಕೊಂಡವಳಲ್ಲ. ಎರಡು ಸೀರೆ, ಒಂದು ಒಗೆಯಲು ಒಂದು ಉಡಲು. ಕನ್ನಡಕದ ಒಂದು ಕಡ್ಡಿಗೆ ದಾರ. ಟೈಪು ಮಾಡುವಾಗ ತುಟಿ ಅಲ್ಲಾಡುತ್ತಿತ್ತು, ಎದುರಿಗೆ ಯಾರಾದರೂ ಮಾತಾಡಿಸಿದರೆ ಗದ್ದದಿಂದಲೇ ಕೂರಲು ಹೇಳುತ್ತಿದ್ದಳು. ಹುಣಸೆಹಣ್ಣಿನ ಉಂಡೆ ದವಡೆಯಲ್ಲಿ. ಬಾಗಳಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಚಿಕ್ಕಪ್ಪ, "ಮದುವ್ಯಾದ ಮ್ಯಾಲೆ ಈ ಅಂಗಡಿ ಬಿಡ್ತೀಯೇನವ್ವ?" ಎಂದು ಕೇಳಿದ. ಅಕ್ಕ, "ಅಂಗಡಿ ಬಿಡಂಗಿಲ್ಲ ರಿ. ನಿಮ್ಮನ್ನ ಬಸ್ಸಿನ ತನಕ ಬಿಟ್ಟು ಬರ್ತೀನಿ ಬರ್ರಿ" ಎಂದಳು. ಬಿಟ್ಟೂ ಬಂದಳು. ಅವ್ವ ಮೂರು ದಿನ ಮಾತು ಬಿಟ್ಟಿದ್ದಳು.

ಅವಳ ಹೆಸರು ಸುತ್ತಲಿನ ಐದು ಊರುಗಳಲ್ಲಿ ಓಡಾಡಿದ್ದು ಲಗ್ನದ ಪಟ್ಟಿಯಿಂದ. ನಮ್ಮ ಕಡೆ ಲಗ್ನವೆಂದರೆ ಊಟಕ್ಕಿಂತ ಕಾರ್ಡು ದೊಡ್ಡದು. ಊಟಕ್ಕೆ ಉಪ್ಪು ಕಡಿಮೆಯಾದರೆ ಜನ ಮರೆಯುತ್ತಾರೆ. ಕಾರ್ಡು ಮುಟ್ಟದಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಹೇಳುತ್ತಾರೆ. ಅದಕ್ಕೆ ಒಂದು ಮನೆಯಲ್ಲಿ ಒಂದು ಪಟ್ಟಿ ಇರುವುದಿಲ್ಲ. ಅಪ್ಪನದೊಂದು, ಅವ್ವನದೊಂದು, ಅಜ್ಜಿ ಬಾಯಲ್ಲಿ ಹೇಳಿ ಮೊಮ್ಮಗಳು ಬರೆದದ್ದೊಂದು, ವ್ಯಾಪಾರದ ಕಡೆಯವರದೊಂದು. ಎಲ್ಲ ಕೂಡಿಸಿದರೆ ಒಂದೇ ಮನೆ ಮೂರು ಸಲ. ಅಕ್ಕ ಎಲ್ಲವನ್ನೂ ಒಂದು ಮನೆಗೆ ಒಂದು ಸಾಲಿನ ಹಾಗೆ ಬಡಿದು, ಮತ್ತೆ ಬಂದ ಸಾಲುಗಳನ್ನು ತೆಗೆದು, ಉಳಿದವನ್ನು ಚೀಟಿ ಮಾಡಿ ಕೊಡುತ್ತಿದ್ದಳು. ಚೀಟಿಯನ್ನು ಕಾರ್ಡಿಗೆ ಅಂಟಿಸಿ ಹಂಚುವುದು ಅಷ್ಟೇ ಬಾಕಿ. ಹಂಚುವ ಕೆಲಸ ಎಷ್ಟೋ ಸಲ ನನ್ನ ಗಾಡಿಗೇ ಬರುತ್ತಿತ್ತು.

ಆ ಸಾಲು ತೆಗೆಯುವುದು ಹೇಗೆಂದು ಅವಳು ನನಗೆ ಬಸ್ಸಿನ ಲೆಕ್ಕದಲ್ಲಿ ಹೇಳಿಕೊಟ್ಟಳು. ದಾದಾಪೀರ್ ಮೊದಲು ಕಲಿಸಿದ್ದು ಯುನಿಕ್ ಎಂಬ ಮಾತು. ಅದನ್ನು ಬಡಿದರೆ ಒಂದರ ಕೆಳಗೆ ಒಂದು ಬಂದ ಒಂದೇ ತರಹದ ಸಾಲುಗಳಲ್ಲಿ ಒಂದನ್ನು ಉಳಿಸಿ ಉಳಿದದ್ದನ್ನು ಬಿಡುತ್ತದೆ. ಆದರೆ ನಡುವೆ ಬೇರೆ ಸಾಲು ಬಂದರೆ ಅದಕ್ಕೆ ತಿಳಿಯುವುದಿಲ್ಲ.

"ಅದು ಹೊಸಾ ಕಂಡಕ್ಟರ್ ಇದ್ದಂಗಲೇ" ಎಂದಳು. "ಈಗಷ್ಟ ಟಿಕೆಟ್ ಕೊಟ್ಟಾವನ ಮುಖ ಮಾತ್ರ ನೆನಪು. ನೀ ಎದ್ದು ಹಿಂದಿನ ಸೀಟಿಗೆ ಹೋಗಿ ಕುಂತರ ಮತ್ತ ಟಿಕೆಟ್ ಅಂತಾನ."

"ಹಂಗಾರ?"

"ಒಂದ ಹೆಸರಿನಾವರನ್ನೆಲ್ಲ ಮೊದಲು ಅಕ್ಕಪಕ್ಕ ಕೂಡಿಸಬೇಕು. ಅಕ್ಷರದ ಪ್ರಕಾರ. ಅದಕ್ಕ ಸಾರ್ಟ್ ಅಂತಾರ."

ಮೊದಲ ಪಟ್ಟಿಯನ್ನು ಹಾಗೆಯೇ ಮಾಡಿ ಬೈಸಿಕೊಂಡಳು. ಲಗ್ನದ ಪಟ್ಟಿಗೆ ಒಂದು ಸರದಿ ಇದೆ. ಮೊದಲು ಮನೆದೇವರು, ಆಮೇಲೆ ಮಠ, ಆಮೇಲೆ ಹಿರಿಯರು. ಅಕ್ಷರದ ಪ್ರಕಾರ ಕೂಡಿಸಿದಾಗ ಅಂಬರೀಶ ಎನ್ನುವ ಮೊನ್ನೆಯ ಅಳಿಯ ಎಲ್ಲರಿಗಿಂತ ಮುಂದೆ ಬಂದ, ಹಾಲಪ್ಪಜ್ಜ ಕಟ್ಟಕಡೆಗೆ ಹೋದ. ಹಾಲಪ್ಪಜ್ಜ ಅಂಗಡಿಗೇ ಬಂದ. "ನಾ ಇನ್ನೂ ಸತ್ತಿಲ್ಲವಾ" ಎಂದ. ಆಮೇಲೆ ದಾದಾಪೀರ್ ಉದ್ದನೆಯ ಒಂದು ಸಾಲು ಬರೆದುಕೊಟ್ಟ. ಅದು ಕಂಡ ಮುಖವನ್ನೆಲ್ಲ ನೆನಪಿಟ್ಟುಕೊಳ್ಳುವ ಕಂಡಕ್ಟರ್. ಯಾರನ್ನೂ ಎಬ್ಬಿಸದೆ, ಸರದಿ ಕೆಡಿಸದೆ, ಮೊದಲು ಬಂದದ್ದನ್ನು ಉಳಿಸಿ ಮತ್ತೆ ಬಂದದ್ದನ್ನು ಇಳಿಸುತ್ತದೆ. ಅಕ್ಕ ಅದನ್ನು ಬಾಯಿಪಾಠ ಮಾಡಿಕೊಂಡಳು.

ಇಷ್ಟು ಯಾರು ಬೇಕಾದರೂ ಮಾಡುತ್ತಾರೆ. ಅಕ್ಕನದು ಇನ್ನೊಂದು ಕಟ್ಟಳೆ ಇತ್ತು. ಆ ಉದ್ದನೆಯ ಸಾಲನ್ನು ಬಡಿಯುವ ಮೊದಲು ಪಟ್ಟಿಯ ನಕಲು ತೆಗೆದು, ಅದನ್ನು ಅಕ್ಷರದ ಪ್ರಕಾರ ಕೂಡಿಸಿ, ಯುನಿಕ್ ಮುಂದೆ ಒಂದು ಸಣ್ಣ ಗೆರೆ, ಒಂದು ಡಿ ಹಾಕುತ್ತಿದ್ದಳು. ಆಗ ಯಾವ ಯಾವ ಸಾಲು ಎರಡು ಸಲ ಬಂದಿವೆಯೋ ಅವಷ್ಟೇ ಕಾಣುತ್ತವೆ. ಅವನ್ನು ಕಾಗದಕ್ಕೆ ಇಳಿಸಿ, ಲಗ್ನದ ಮನೆಯವರನ್ನು ಎದುರಿಗೆ ಕೂರಿಸಿಕೊಂಡು, ಬೆರಳಿಟ್ಟು ಒಂದೊಂದೇ ಕೇಳುತ್ತಿದ್ದಳು: "ಇವರು ಒಬ್ಬರೋ ಇಬ್ಬರೋ?"

ಜನ ನಗುತ್ತಿದ್ದರು. "ಅಷ್ಟಕ್ಕ ಕಂಪ್ಯೂಟರ್ ಯಾಕ ಬೇಕವ್ವ? ನಿನ್ನ ಬಾಯಿ ಸಾಕಲ್ಲ!"

"ಒಂದ ಹೆಸರು ಎರಡು ಸಲ ಬಂದ್ರ ಕಂಪ್ಯೂಟರ್ ತಪ್ಪು ಅಂತ ತಿಳ್ಕೊಂತೈತಿ ರಿ. ನಮ್ಮ ಕಡೆ ಅದು ಅಜ್ಜನ ಹೆಸರು."

ಅವಳು ಹೇಳಿದ್ದು ಸರಿಯೇ. ನಮ್ಮಲ್ಲಿ ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರು. ಅಜ್ಜನಿಗೆ ನಾಲ್ಕು ಗಂಡುಮಕ್ಕಳಿದ್ದರೆ ನಾಲ್ಕು ಮನೆಗೂ ಒಬ್ಬೊಬ್ಬ ಅದೇ ಹೆಸರಿನವನು. ಮನೆತನದ ಹೆಸರೂ ಒಂದೇ, ಊರೂ ಒಂದೇ. ನಮ್ಮ ಓಣಿಯಲ್ಲಿ ನಿಂತು ಕೊಟ್ರಪ್ಪಾ ಎಂದು ಕೂಗಿದರೆ ನಾಲ್ಕು ಬಾಗಿಲು ತೆರೆಯುತ್ತವೆ, ಎರಡು ಕಡೆಯಿಂದ ಬೈಗುಳ ಬರುತ್ತದೆ. ಇಬ್ಬರು ಎಂದು ಗೊತ್ತಾದರೆ ಅಕ್ಕ ಒಂದು ಸಾಲಿನ ಕೊನೆಗೆ "ಬೇವಿನಮರದ ಮನೆ" ಎಂದೋ "ಗಿರಣಿಯವರು" ಎಂದೋ ಸೇರಿಸುತ್ತಿದ್ದಳು. ಆಮೇಲೆ ಅವೆರಡನ್ನೂ ಯಂತ್ರ ಮುಟ್ಟುತ್ತಿರಲಿಲ್ಲ.

ಮನೆಯಲ್ಲಿಯೂ ಇದೇ. ಅವ್ವ ತನ್ನ ತವರಿನ ಒಂದು ಕಥೆಯನ್ನು ನೂರು ಸಲ ಹೇಳುತ್ತಿದ್ದಳು. ನಾನು, "ಈ ಸಾಲು ಬಂದೈತಿ ಬೇ, ಮುಂದಿಂದು ಹೇಳು" ಎಂದರೆ ಅಕ್ಕ ನನ್ನ ತಲೆಗೆ ಮೊಟಕುತ್ತಿದ್ದಳು. "ಹೋದ ಸಲ ಎಮ್ಮಿ ಈದದ್ದು ಹೇಳಿದ್ಲು, ಈ ಸಲ ಎಮ್ಮಿ ಸತ್ತದ್ದು. ಒಂದ ಎಮ್ಮಿನೋ ಎರಡೋ ಕೇಳು ಮೊದಲು."

ಇಲ್ಲಿಗೆ ನಿಲ್ಲಿಸಿ ಹರಪನಹಳ್ಳಿಗೆ ಹೋಗಿ ಬಂದೆ. ನಿಲ್ಲಿಸಲು ಕಾರಣವೇನೂ ಇರಲಿಲ್ಲ. ಬಾಡಿಗೆಯೂ ಇರಲಿಲ್ಲ. ಮುಂದೆ ಬರೆಯಬೇಕಾದದ್ದು ಇದು ಎಂದು ಗೊತ್ತಿದ್ದರಿಂದ ಹೋದೆ.

ಗುರುಬಸಪ್ಪನವರ ಮಗಳ ಲಗ್ನ. ಪಟ್ಟಿಯನ್ನು ಅಕ್ಕನೇ ಬಡಿದಿಟ್ಟಿದ್ದಳು. ಎರಡು ಸಲ ಬಂದವರ ಬಗ್ಗೆ ಕೇಳುವುದು ಬಾಕಿಯಿತ್ತು. ಆ ದಿನ ಅವಳು ಕಣ್ಣು ತೋರಿಸಲು ಹಡಗಲಿಗೆ ಹೋಗಿದ್ದಳು, ಸಂಜೆಯ ತನಕ ಬರುವುದಿಲ್ಲವೆಂದು ಅಂಗಡಿಯಲ್ಲಿ ನನ್ನನ್ನು ಕೂರಿಸಿದ್ದಳು. ಗುರುಬಸಪ್ಪನವರ ಅಂಗಡಿಯ ಗುಮಾಸ್ತ ಬಂದ. ಒಂದು ಹಾಳೆ ಕೊಟ್ಟ. ಒಂಬತ್ತು ಹೆಸರು, ಧಣಿಯ ಸ್ವಂತ ಅಕ್ಷರ.

"ಇವಷ್ಟು ಬಿಟ್ಟಿದ್ವಂತ. ಸೇರಿಸಿಬಿಡ್ರಿ. ನಾಳಿ ದಿನ ಚಲೋ ಐತಿ, ಬೆಳಿಗ್ಗಿಂದ ಹಂಚಬೇಕು ಅಂದಾರ. ಚೀಟಿ ಈಗ ಬೇಕು."

"ಅಕ್ಕ ಇಲ್ಲ ರಿ."

"ನಿನಗ ಬರಂಗಿಲ್ಲೇನು ಮತ್ತ?"

ಬರುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಏಳನೇ ಕ್ಲಾಸು ಬಿಟ್ಟವನಿಗೆ ಆ ಪ್ರಶ್ನೆ ಎಲ್ಲಿ ಚುಚ್ಚುತ್ತದೆ ಎಂದು ಓದಿದವರಿಗೆ ತಿಳಿಯದು. ಅಕ್ಕನ ಹೆಗಲ ಹಿಂದೆ ನಿಂತು ನಾನು ಎಲ್ಲ ನೋಡಿಕೊಂಡಿದ್ದೆ. "ಬರತೈತಿ, ಕುಂದರ್ರಿ" ಎಂದೆ. ಮಧ್ಯಾಹ್ನ ಕಾನಹೊಸಹಳ್ಳಿಗೆ ಟೊಮೆಟೊ ಲೋಡು ಬೇರೆ ಒಪ್ಪಿಕೊಂಡಿದ್ದೆ. ಒಂಬತ್ತು ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಬಡಿದೆ. ಒಂಬತ್ತನೆಯದು: ಹಿರೇಮನಿ ಕೊಟ್ರಪ್ಪ, ಇಟ್ಟಿಗಿ. ಬಡಿಯುವಾಗಲೇ ಅನ್ನಿಸಿತು, ಇವನು ಮೇಲೆ ಬಂದಿದ್ದಾನಲ್ಲ ಎಂದು. ಬಂದಿದ್ದರೆ ಯಂತ್ರ ನೋಡಿಕೊಳ್ಳುತ್ತದೆ ಎಂದುಕೊಂಡೆ. ಡಿ ಹಾಕಲಿಲ್ಲ. ಉದ್ದನೆಯ ಸಾಲನ್ನು ನೇರವಾಗಿ ಬಡಿದುಬಿಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಇಪ್ಪತ್ತೆರಡು ಸಾಲು ಹೋದವು. ನನಗೆ ಎಷ್ಟು ಖುಷಿಯಾಯಿತೆಂದರೆ ಗುಮಾಸ್ತನಿಗೆ ಪರದೆ ತಿರುಗಿಸಿ ತೋರಿಸಿದೆ.

ಆ ಒಂಬತ್ತನೆಯ ಹೆಸರಿನ ಹಿಂದೆ ಏನಿತ್ತೆಂದು ಆಮೇಲೆ ತಿಳಿಯಿತು. ಇಟ್ಟಿಗಿಯಲ್ಲಿ ಗುರುಬಸಪ್ಪನವರಿಗೆ ಇಬ್ಬರು ದಾಯಾದಿಗಳು, ಬೇರೆ ಬೇರೆ ಚಿಕ್ಕಪ್ಪಂದಿರ ಮಕ್ಕಳು. ಇಬ್ಬರಿಗೂ ಅಜ್ಜನ ಹೆಸರು. ಒಬ್ಬ ಕೊಟ್ರಪ್ಪ ಗುರುಬಸಪ್ಪನವರ ಹೆಂಡತಿಯ ಪಟ್ಟಿಯಲ್ಲಿ ಮೊದಲಿನಿಂದ ಇದ್ದ. ಇನ್ನೊಬ್ಬ, ವಯಸ್ಸಿನಲ್ಲಿ ಹಿರಿಯ, ಹೊಲದ ಬದುವಿನ ಜಗಳದಲ್ಲಿ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದ. ಕಾರ್ಡು ಹಂಚುವ ಮುಂಚಿನ ವಾರ ಹಿರಿಯರು ಕೂತು ಜಗಳ ಮುಗಿಸಿದ್ದರು. "ಕಾರ್ಡು ಕಳಸು, ಬರ್ತೀನಿ" ಎಂದಿದ್ದರಂತೆ ಆ ಹಿರಿಯ ಕೊಟ್ರಪ್ಪ. ಅದಕ್ಕೇ ಆ ಹೆಸರನ್ನು ಧಣಿ ತಮ್ಮ ಕೈಯಲ್ಲೇ ಬರೆದದ್ದು. ಹನ್ನೊಂದು ವರ್ಷ ಬರೆಯದ ಹೆಸರು. ಗುರುತು ಹಾಕಬೇಕೆಂದು ಅವರಿಗೆ ಯಾಕೆ ಹೊಳೆಯುತ್ತದೆ? ಅವರ ತಲೆಯಲ್ಲಿ ಆ ದಿನ ಇದ್ದವನು ಒಬ್ಬನೇ ಕೊಟ್ರಪ್ಪ.

ಇಲ್ಲಿಯವರೆಗಿನದು ಅವಸರದ ತಪ್ಪು. ಇಷ್ಟೇ ಆಗಿದ್ದರೆ ನಾನು ನಿದ್ದೆ ಮಾಡುತ್ತಿದ್ದೆ.

ಮರುದಿನ ಕಾರ್ಡು ಹಂಚಲು ಹೋದವನೂ ನಾನೇ. ಇಟ್ಟಿಗಿಯಲ್ಲಿ ಕೊಟ್ರಪ್ಪನವರ ಮನೆ ಕೇಳಿದೆ, ತೋರಿಸಿದರು, ಕೊಟ್ಟೆ. ಗಾಡಿ ತಿರುಗಿಸುವಾಗ ಮೂರನೇ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕರು ಕೂತಿದ್ದರು. ಆಗತಾನೆ ಕ್ಷೌರ ಮಾಡಿಸಿಕೊಂಡ ಮುಖ. ಇಸ್ತ್ರಿ ಮಾಡಿದ ಅಂಗಿ, ಹೆಗಲ ಮೇಲೆ ಬಿಳಿ ಟವೆಲ್. ಕೈಯೆತ್ತಿ ನಿಲ್ಲಿಸಿದರು.

"ತಮ್ಮಾ, ಹಗರಿಬೊಮ್ಮನಹಳ್ಳಿ ಗುರುಬಸಪ್ಪನ ಕಾರ್ಡೇನು?"

"ಹೌದ್ರಿ."

"ಹಿರೇಮನಿ ಕೊಟ್ರಪ್ಪಗ ಕೊಟ್ಟಿ?"

"ಕೊಟ್ಟೆ ರಿ."

ಅವರು ಸ್ವಲ್ಪ ನಕ್ಕರು. "ನಾನೂ ಹಿರೇಮನಿ ಕೊಟ್ರಪ್ಪನ."

ಒಂಬತ್ತನೆಯ ಹೆಸರು ಕಣ್ಣ ಮುಂದೆ ಬಂತು. ಪಕ್ಕದ ಸೀಟಿನಲ್ಲಿ ಹೆಸರಿಲ್ಲದ ಹದಿನೈದು ಕಾರ್ಡುಗಳಿದ್ದವು. ಪೆನ್ನು ಅಂಗಿಯ ಜೇಬಿನಲ್ಲಿತ್ತು. ಬರೆದುಕೊಡಲು ಒಂದು ನಿಮಿಷ ಬೇಕಿರಲಿಲ್ಲ. ಆದರೆ ಚೀಟಿಯ ಮೇಲೆ ಇಲ್ಲದ್ದನ್ನು ಕೈಯಿಂದ ಬರೆದರೆ ಅಕ್ಕ ಕೇಳುತ್ತಾಳೆ, ಕೇಳಿದರೆ ನಾನು ಡಿ ಹಾಕಲಿಲ್ಲವೆಂದು ತಿಳಿಯುತ್ತದೆ, ಗುಮಾಸ್ತನ ಮುಂದೆ ಮೆರೆದದ್ದು ತಿಳಿಯುತ್ತದೆ. ಇಷ್ಟೆಲ್ಲ ಆ ಒಂದು ಗಳಿಗೆಯಲ್ಲಿ ಲೆಕ್ಕ ಹಾಕಿದೆ.

"ಪಟ್ಟಿಯಾಗ ಒಂದ ಐತ್ರಿ ಅಜ್ಜಾರ" ಎಂದೆ. ಅವರ ಮುಖ ನೋಡದೆ ಗಾಡಿ ಬಿಟ್ಟೆ.

ಹಡಗಲಿಯಲ್ಲಿ ಹಂಚಿ ವಾಪಸ್ ಬರುವಾಗ ಕೊಟ್ಟರಾಯಿತು ಎಂದುಕೊಂಡೆ. ವಾಪಸ್ ಬರುವಾಗ ಬೇರೆ ದಾರಿಯಲ್ಲಿ ಬಂದೆ.

ಲಗ್ನಕ್ಕೆ ಆ ಮುದುಕರು ಬರಲಿಲ್ಲ. ಅವರ ಕಡೆಯ ಆರು ಮನೆಯವರು ಬರಲಿಲ್ಲ. ಕಾರ್ಡು ಯಾಕೆ ಹೋಗಲಿಲ್ಲವೆಂದು ಹುಡುಕಿಕೊಂಡು ನಾಲ್ಕನೆಯ ದಿನ ಗುರುಬಸಪ್ಪನವರು ಅಂಗಡಿಗೆ ಬಂದರು. ನಾನು ಹೊರಗೆ ಗಾಡಿಗೆ ಹಗ್ಗ ಬಿಗಿಯುತ್ತಿದ್ದೆ.

"ಒಂಬತ್ತು ಹೆಸರು ಕಳಿಸಿದೆ. ಎಂಟು ಮನಿಗೆ ಹೋಗ್ಯಾವ. ಒಂದು ಎಲ್ಲಿ ಹೋತು?"

ಅಕ್ಕ ಯಂತ್ರದ ಮುಂದೆ ಕೂತಳು. ಆ ಕಪ್ಪು ಪರದೆಗೆ ನಾವು ಬಡಿದದ್ದೆಲ್ಲ ನೆನಪಿರುತ್ತದೆ. ಮೇಲಿನ ಬಾಣದ ಗುಂಡಿ ಒತ್ತುತ್ತ ಹೋದರೆ ಹಿಂದೆ ಬಡಿದ ಮಾತುಗಳು ಒಂದೊಂದೇ ಬರುತ್ತವೆ. ಅವಳು ಒತ್ತುತ್ತ ಹೋದಳು. ಗುರುಬಸಪ್ಪನವರ ಪಟ್ಟಿ ಬಂತು. ಉದ್ದನೆಯ ಸಾಲು ಬಂತು. ಅದರ ಹಿಂದೆ ಡಿ ಇರಲಿಲ್ಲ. ಡಿ ಇಲ್ಲದೆ ಅವಳು ಎಂದೂ ಬಡಿದವಳಲ್ಲ.

ತಲೆಯೆತ್ತಿ ನನ್ನ ಕಡೆ ನೋಡಿದಳು. ನಾನು ಹಗ್ಗ ನೋಡಿದೆ.

"ತಪ್ಪು ನಂದ ರಿ" ಎಂದಳು ಅಕ್ಕ. "ಇಬ್ಬರನ್ನ ಒಬ್ಬರು ಅಂತ ತಿಳದೆ."

"ಹನ್ನೊಂದು ವರ್ಷದ್ದು ಜೋಡಿಸಿದ್ವಿ. ಒಂದು ದಿನದಾಗ ಹರದಿ. ಮನಿಮುರುಕಿ!"

ಆ ಮಾತಿಗೆ ಮಿರ್ಚಿ ಕರಿಯುವವನು ಜಾಲರಿ ಎತ್ತಿ ಹಿಡಿದು ನಿಂತ. ಬಸ್ಸಿಗೆ ಕಾಯುವವರು ತಿರುಗಿದರು. ಗುರುಬಸಪ್ಪನವರು ಇನ್ನೂ ಅಂದರು, ಅದನ್ನು ಬರೆಯುವುದಿಲ್ಲ. ಅಕ್ಕ ಕೈಕಟ್ಟಿ ನಿಂತಿದ್ದಳು. ನಾನು ಗಂಟು ಬಿಚ್ಚಿ ಮತ್ತೆ ಕಟ್ಟಿದೆ. ಮತ್ತೆ ಬಿಚ್ಚಿದೆ.

ಅವರು ಹೋದ ಮೇಲೆ ಅವಳು ಕೇಳಿದ್ದು, "ಊಟ ಆತೇನು?"

ಮರುದಿನ ಬೆಳಿಗ್ಗೆ ನನ್ನನ್ನು ಒಳಗೆ ಕರೆದಳು. ತನ್ನ ಕುರ್ಚಿಯ ಮೇಲೆ ಕೂರಿಸಿದಳು. ತಾನು ಪಕ್ಕದಲ್ಲಿ ನಿಂತಳು. ಯಾವುದೋ ಹಳೆಯ ಪಟ್ಟಿ ತೆಗೆದು, "ಮೊದಲು ಇದನ್ನ ಬಡಿ. ಸಾವಕಾಶ. ಈಗ ಗೆರಿ, ಆಮ್ಯಾಲೆ ಡಿ" ಎಂದಳು. ಬೈಗುಳವಿಲ್ಲ, ಪ್ರಶ್ನೆಯಿಲ್ಲ. ಅವಳ ಕೈ ಕುರ್ಚಿಯ ಬೆನ್ನಿನ ಮೇಲಿತ್ತು. ನಾನು ಬಾಯಿ ಬಿಡಲಿ ಎಂದು ಜಾಗ ಮಾಡಿಕೊಟ್ಟಿದ್ದಳು. ಅದು ನನಗೆ ಆಗಲೇ ತಿಳಿಯಿತು, ಈಗಲ್ಲ.

"ನಂಗೆಲ್ಲ ಗೊತ್ತೈತಿ ಬಿಡು" ಎಂದು ಎದ್ದು ಹೋದೆ.

ಆಮೇಲೆ ಪಟ್ಟಿಗಳು ಬರುವುದು ಕಡಿಮೆಯಾಯಿತು. "ಆ ಅಕ್ಕನ ಕಡೆ ಕೊಟ್ರ ಹೆಸರು ಹಾರತಾವಂತ" ಎಂದು ನನ್ನ ಗಾಡಿಯಲ್ಲೇ ಕೂತು ಹೇಳಿದವರಿದ್ದಾರೆ. ನಾನು ಗೇರು ಬದಲಿಸಿದೆ. ಲಗ್ನದವರು ಹರಪನಹಳ್ಳಿಯ ಹೊಸ ಅಂಗಡಿಗೆ ಹೋಗತೊಡಗಿದರು. ಅಕ್ಕ ಆಧಾರ್ ಕಾರ್ಡಿನ ಜೆರಾಕ್ಸ್ ತೆಗೆಯುತ್ತ ಕೂತಳು. ಒಂದು ಮಧ್ಯಾಹ್ನ ಅದೇ ಕುರ್ಚಿಯಲ್ಲಿ ಎದೆ ಹಿಡಿದುಕೊಂಡವಳು ಏಳಲಿಲ್ಲ.

ಹೋದ ವಾರ ಹಡಗಲಿಗೆ ಗೊಬ್ಬರದ ಚೀಲ ಇಳಿಸಿ ಬರುತ್ತಿದ್ದೆ. ಇಟ್ಟಿಗಿಯ ತಿರುವು ಬಂತು. ಮೂರೂವರೆ ವರ್ಷ ನಾನು ಆ ತಿರುವಿನಲ್ಲಿ ಜೋರಾಗಿ ಹೋಗುತ್ತಿದ್ದೆ. ಈ ಸಲ ಒಳಗೆ ತಿರುಗಿಸಿದೆ. ಯಾಕೆಂದು ಕೇಳಿದರೆ ಹೇಳಲಾರೆ. ಗುರುಬಸಪ್ಪನವರ ಆ ಮಾತು, ಒಂದ ತಪ್ಪು ಎಂದದ್ದು, ಎಂಟು ತಿಂಗಳಿಂದ ಇಂಜಿನ್ನಿನ ಸದ್ದಿನಲ್ಲಿಯೂ ಕೇಳುತ್ತಿತ್ತು.

ಮುದುಕರು ಅದೇ ಕಟ್ಟೆಯ ಮೇಲಿದ್ದರು. ಗಡ್ಡ ಬಂದಿತ್ತು.

"ಯಾರು?"

"ಕೊಟ್ಟೂರಿನಾವರಿ. ಗಾಡಿಯಾವ."

ಕಣ್ಣು ಕಿರಿದು ಮಾಡಿ ನೋಡಿದರು. "ಕಾರ್ಡಿನಾವ."

"ಹೌದ್ರಿ. ಅವತ್ತು ಪಟ್ಟಿಯಾಗ ನಿಮ್ಮ ಹೆಸರು ಇತ್ತರಿ. ಗುರುಬಸಪ್ಪನವರು ಸ್ವಂತ ಕೈಲೆ ಬರದಿದ್ರು. ಇಬ್ಬರನ್ನೂ ಒಬ್ಬರ ಅಂತ ತಿಳದು ನಾನ ತೆಗದಿದ್ದೆ. ಅಕ್ಕ ಅಲ್ಲ ರಿ. ನಾನು."

"ನಿಮ್ಮಕ್ಕ ಬಂದಿದ್ಲು. ತನ್ನದ ತಪ್ಪು ಅಂದ್ಲಲ್ಲ."

ನನಗೆ ಇದು ಗೊತ್ತಿರಲಿಲ್ಲ. "ಯಾವಾಗರಿ?"

"ಲಗ್ನ ಆಗಿ ಒಂದು ವಾರಕ್ಕ. ಬಸ್ಸಿಗೆ ಬಂದ್ಲು, ಬಿಸಿಲಾಗ. ನೀ ನಿಂತಲ್ಲೇ ನಿಂತಿದ್ಲು. ಒಂದು ತಂಬಿಗಿ ನೀರು ಕೊಡಲಿಲ್ಲ ನಾನು. ನಂಬಲಿಲ್ಲ."

"ಯಾಕ್ರಿ?"

"ಯಾಕ ಅಂತೀಯಲ್ಲ!" ಮುದುಕರು ಕಟ್ಟೆಯಿಂದ ಕಾಲು ಇಳಿಬಿಟ್ಟರು. "ಕಾರ್ಡು ತಪ್ಪತೈತಿ, ಮನುಷ್ಯರ ಕೈಯಾಗ ಏನು ತಪ್ಪಂಗಿಲ್ಲ? ಕಾರ್ಡಿಗೆ ನಾ ಸಿಟ್ಟಾಗಿಲ್ಲಪ್ಪ. ನಾನೂ ಕೊಟ್ರಪ್ಪನ ಅಂದ ಕೂಡ್ಲೆ ನಿನ್ನ ಮುಖ ಸುಟ್ಟ ಬದನಿಕಾಯಿ ಆತು. ಮಾರಿ ತಿರುವಿ ಓಡಿಸಿಬಿಟ್ಟಿ ಗಾಡಿ. ಇವಗ ಗೊತ್ತೈತಿ, ಗುರುಬಸ್ಯಾನ ಹೇಳಿ ಕಳಿಸ್ಯಾನ, ನನ್ನ ಮನಿ ಮುಂದಿಂದ ಹಾದು ಹೋಗು ಅಂತ... ಹಂಗ ತಿಳದೆ. ಆಮ್ಯಾಲೆ ನಿಮ್ಮಕ್ಕ ಬಂದ್ರ, ಈಕಿನ್ನೂ ಅವನ ಕಳಿಸ್ಯಾನ ಅಂತ ತಿಳದೆ."

ಯಂತ್ರ ತೆಗೆದ ಸಾಲು ಆ ಮನೆಯನ್ನು ಮುರಿದಿರಲಿಲ್ಲ. ಮುರಿದದ್ದು ನನ್ನ ಮುಖ. ಅಕ್ಕ ಬಿಸಿಲಲ್ಲಿ ಬಂದು ಹೇಳಿದರೂ ಅದು ಕೂಡಲಿಲ್ಲ, ಯಾಕೆಂದರೆ ಆ ಮುಖದ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ನಾನು ಅಷ್ಟನ್ನಾದರೂ ಅವಳಿಗೆ ಹೇಳಿದ್ದರೆ!

ಮುದುಕರು ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. "ಗಾಡಿ ತೆಗಿ. ನನ್ನ ಮುಂದ ಹೇಳಿದ್ರ ಆಗಂಗಿಲ್ಲ. ಅವನ ಮುಂದ ಹೇಳು."

ಹಗರಿಬೊಮ್ಮನಹಳ್ಳಿಗೆ ಹೋದೆವು. ಕಾಳಿನ ಅಂಗಡಿಯಲ್ಲಿ ಮೆಕ್ಕೆಜೋಳ ಜರಡಿ ಹಿಡಿಯುತ್ತಿದ್ದರು, ಯಂತ್ರದ ಗದ್ದಲ. ಗುರುಬಸಪ್ಪನವರು ಮುದುಕರನ್ನು ಕಂಡು ಗಾದಿಯಿಂದ ಎದ್ದು ನಿಂತರು. ಏನು ಮಾಡಬೇಕೆಂದು ತಿಳಿಯದೆ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ನಾನು ಹೇಳಿದೆ.

"ಏನಂದಿ? ಕೇಳವಲ್ದು!"

ಗದ್ದಲದ ಮೇಲೆ ಕೂಗಿ ಹೇಳಿದೆ. ಅಷ್ಟರಲ್ಲಿ ಯಾರೋ ಯಂತ್ರ ನಿಲ್ಲಿಸಿದರು. "ತಪ್ಪು ನಂದ ರಿ, ಅಕ್ಕಂದಲ್ಲ" ಎಂಬ ನನ್ನ ಕೂಗು ಹಮಾಲರಿಗೆಲ್ಲ ಕೇಳಿತು. ಉಳಿದದ್ದನ್ನು ಸಣ್ಣ ದನಿಯಲ್ಲಿ ಹೇಳಿದೆ. ಹದಿನೈದು ಕಾರ್ಡುಗಳ ವಿಷಯ, ಪೆನ್ನಿನ ವಿಷಯ, ಹಗ್ಗದ ವಿಷಯ. ಯಾವುದನ್ನೂ ಬಿಡಲಿಲ್ಲ.

ಗುರುಬಸಪ್ಪನವರು ಕೇಳಿದ್ದು ಒಂದೇ. "ಆಕಿಗೆ ಗೊತ್ತಿತ್ತೇನು, ನಿಂದು ಅಂತ?"

"ಗೊತ್ತಿತ್ತರಿ."

"ಗೊತ್ತಿದ್ದೂ ನಿಂತ್ಕೊಂಡು ಬೈಸ್ಕೊಂಡ್ಲು."

"ಹೌದ್ರಿ."

ಅವರು ಕೂತರು. ಅಂಗೈಯಿಂದ ಗಾದಿಯ ಮೇಲಿನ ಕಾಳು ಸರಿಸಿದರು, ಅಲ್ಲಿ ಕಾಳು ಇರಲಿಲ್ಲ. "ಮನಿಮುರುಕಿ ಅಂದಿದ್ದೆ ನಾನು" ಎಂದರು, ನನಗಲ್ಲ, ಮುದುಕರಿಗೆ. ಮುದುಕರು, "ನಾ ನೀರು ಕೊಡಲಿಲ್ಲ" ಎಂದರು. ಇಬ್ಬರೂ ಒಂದೇ ಗಾದಿಯ ಮೇಲೆ ಪಕ್ಕಪಕ್ಕ ಕೂತಿದ್ದರು. ಒಬ್ಬರು ಮಳೆಯ ಮಾತು ತೆಗೆದರು, ಇನ್ನೊಬ್ಬರು ಮೊಮ್ಮಗಳ ವಿಷಯ ಕೇಳಿದರು. ಚಹಾ ಬಂತು, ಎರಡು ಲೋಟ.

ನನಗೆ ಯಾರೂ ಕೂರು ಎನ್ನಲಿಲ್ಲ. ತೂಕದ ಕಲ್ಲಿನ ಪಕ್ಕ ನಿಂತಿದ್ದೆ. ಕಡೆಗೆ ಮುದುಕರು ನನ್ನ ಕಡೆ ನೋಡಿ, "ನೀ ಹೋಗಪ್ಪ. ಇವ ಊರಿಗೆ ಬಿಡ್ತಾನ ನನ್ನ" ಎಂದರು.

ಹೊರಗೆ ಬಂದು ಗಾಡಿ ಹತ್ತಿದೆ. ಹಮಾಲರು ಮತ್ತೆ ಜರಡಿ ಶುರು ಮಾಡಿದರು. ಒಬ್ಬರಾದರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅಕ್ಕ ತಿಂದ ಬೈಗುಳದಲ್ಲಿ ಸ್ವಲ್ಪವಾದರೂ ನನ್ನ ಪಾಲಿಗೆ ಬರುತ್ತಿತ್ತು.